ಫ್ಯಾಕ್ಸ್ ಪತ್ರವು ನಡುವೆ ಕೆಡುವುದೇಕೆ?

ದೂರವಾಣಿಯ ತಂತಿಯ ಮೂಲಕ ಬರಹದ ಪ್ರತಿಕೃತಿಯನ್ನು ಕಳುಹಿಸುವ ಫ್ಯಾಕ್ಸ್ ಪದ್ಧತಿಯು ಅಳಿದುಹೋಯಿತೆಂದು ಅನೇಕರು ಭಾವಿಸಿರುವರು. ಆದರೆ ಅಮೆರಿಕ, ಜಪಾನ್ ಮೊದಲಾದ ದೇಶಗಳ ಆಸ್ಪತ್ರೆಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಪ್ರತ್ಯೇಕ ಯಂತ್ರವಿಲ್ಲದವರು ಕಂಪ್ಯೂಟರಿಗೆ ಮೋಡೆಮನ್ನು ಜೋಡಿಸಿ ಪತ್ರಗಳನ್ನು ಪಡೆಯುವುದುಂಟು. ಅಂತಹವರಲ್ಲಿ ಕೆಲವರ ದೂರು ಇದು: ಕಳುಹಿಸಿದ ಪತ್ರ ಸರಿಯಾಗಿ ಹೋಗುತ್ತದೆ, ಬರುವ ಪತ್ರ ಮಾತ್ರ ಒಮ್ಮೆ ಪೂರ್ಣವಾಗಿ ಬಂದರೆ ಇನ್ನೊಮ್ಮೆ ಅರ್ಧದಲ್ಲಿಯೇ ನಿಲ್ಲುತ್ತದೆ. ಔಷಧದ ಪ್ರಮಾಣವನ್ನು ಬರೆದ ಪಂಕ್ತಿಯೇ ಅಳಿಸಿಹೋದರೆ ಅದು ಅಲ್ಪ ವಿಷಯವೆ?

ಬರುವ ಪತ್ರಕ್ಕೇ ಈ ತೊಂದರೆ ಹೆಚ್ಚಾಗಲು ಕಾರಣವುಂಟು. ಕಳುಹಿಸುವ ಯಂತ್ರವು ಬೇಕಾದರೆ ಪಂಕ್ತಿಗಳ ನಡುವೆ ಶೂನ್ಯಗಳನ್ನು ತುಂಬಿ ಕಾಲವನ್ನು ಕಳೆಯಬಹುದು. ಸ್ವೀಕರಿಸುವ ಯಂತ್ರಕ್ಕೆ ಪುಟದ ನಡುವೆ ‘ತಾಳು’ ಎನ್ನುವ ಅವಕಾಶವಿಲ್ಲ. ಸೆಕೆಂಡಿಗೆ 14,400 ಬಿಟ್‌ಗಳ ವೇಗದಲ್ಲಿ 1,800 ಬೈಟ್‌ಗಳು ಬಂದು ಬೀಳುತ್ತವೆ. 16450 ಎಂಬ ಹಳೆಯ ಚಿಪ್ಪು ಒಂದೇ ಬೈಟನ್ನು ಕಾದಿಡಬಲ್ಲದು. ಕಂಪ್ಯೂಟರು ತಡಮಾಡಿದರೆ ಅದು ನಷ್ಟವಾಗುತ್ತದೆ. ಅನಂತರದ 16550ಎ ಚಿಪ್ಪಿನಲ್ಲಿ 16 ಬೈಟ್‌ಗಳಿಗೆ ಸ್ಥಳವುಂಟು. ಹೊಸ ಕಂಪ್ಯೂಟರಾದರೂ ಪತ್ರ ಬರುವಾಗ ಅದನ್ನು ನಿದ್ರೆಗೆ ಬಿಡಬಾರದು. ಭಾರವಾದ ಬೇರೆ ಕೆಲಸವನ್ನೂ ಹೇರಬಾರದು.

ಇನ್ನು ಪರೀಕ್ಷೆಯ ಕ್ರಮ. ಒಂದಿರುವಾಗ ಇನ್ನೊಂದಿದ್ದು, ಅದಿಲ್ಲದಾಗ ಇದೂ ಇಲ್ಲದಿದ್ದರೆ ಅವೆರಡಕ್ಕೆ ಸಂಬಂಧವನ್ನು ಹೇಳುವುದು ತಾರ್ಕಿಕರ ಅನ್ವಯವ್ಯತಿರೇಕ ನ್ಯಾಯ. ಇಲ್ಲಿಯೂ ಅದೇ ದಾರಿ. ಮೊದಲು ಅದೇ ತಂತಿಗೆ ಸಾಮಾನ್ಯ ಫ್ಯಾಕ್ಸ್ ಯಂತ್ರವೊಂದನ್ನು ಎರವಲು ತಂದು ಜೋಡಿಸಿ ನೋಡಬೇಕು. ಅದರಲ್ಲಿಯೂ ಪತ್ರ ಕೆಟ್ಟರೆ ತಂತಿಯನ್ನು ಶಂಕಿಸಬೇಕು. ಕೆಡದಿದ್ದರೆ ಮೋಡೆಮನ್ನೂ ಕಂಪ್ಯೂಟರನ್ನೂ ಶಂಕಿಸಬೇಕು.

ತಂತಿಯ ದೋಷವಾದರೆ, ಅದಕ್ಕೆ ಸೇರಿದ ಇತರ ದೂರವಾಣಿಗಳನ್ನು ಬಿಚ್ಚಿಡಬೇಕು. ನಡುವೆ ಎರಡನೆಯ ಕರೆಯ ಸೂಚನೆಯನ್ನು ಕೊಡುವ ‘ಕಾಲ್ ವೇಟಿಂಗ್’ ಸೌಲಭ್ಯವನ್ನು ನಿಲ್ಲಿಸಬೇಕು. ವೇಗವನ್ನು 9,600ಕ್ಕೆ ಇಳಿಸಬೇಕು. ಇಂಟರ್‌ನೆಟ್ಟಿನ ಮೂಲಕ ನಡೆಯುವ ದೂರವಾಣಿಯಾದರೆ, ಮಾತಿಗೆಂದೇ ಧ್ವನಿಯನ್ನು ಕುಗ್ಗಿಸುವ ಜಿ.729 ಪದ್ಧತಿಯು ಫ್ಯಾಕ್ಸಿಗೆ ಒಗ್ಗದು. ಜಿ.711 ಪದ್ಧತಿಯನ್ನಾಗಲಿ, ಫ್ಯಾಕ್ಸಿಗಾಗಿಯೇ 1998ರಲ್ಲಿ ರೂಪುಗೊಂಡ ಟಿ.38 ಪದ್ಧತಿಯನ್ನಾಗಲಿ ಸೇವೆ ಒದಗಿಸುವವರಿಂದ ಕೇಳಿ ಪಡೆಯಬೇಕು.

ಮೋಡೆಮು ಕರೆಯನ್ನು ಸ್ವೀಕರಿಸಿಯೂ ಪುಟ ಆರಂಭವಾಗದಿದ್ದರೆ ‘ಕ್ಲಾಸ್’ ಎಂಬ ಆಯ್ಕೆಯನ್ನು ಬದಲಿಸಿ ನೋಡಬಹುದು. ಕ್ಲಾಸ್ 1ರಲ್ಲಿ ಎರಡು ಯಂತ್ರಗಳ ಪರಸ್ಪರ ಸಂವಾದವನ್ನು ಕಂಪ್ಯೂಟರೇ ನಡೆಸುತ್ತದೆ. ಕ್ಲಾಸ್ 2ರಲ್ಲಿ ಬಹುಭಾಗವನ್ನು ಮೋಡೆಮು ವಹಿಸಿಕೊಳ್ಳುತ್ತದೆ. ಕಾಲಕ್ಕೆ ಸರಿಯಾಗಿ ಉತ್ತರಿಸಲಾರದ ಕಂಪ್ಯೂಟರಿಗೆ ಎರಡನೆಯದೇ ಹಿತ. ಪುಟದಲ್ಲಿ ಪಂಕ್ತಿಗಳು ಕಾಣೆಯಾದರೆ ಇ.ಸಿ.ಎಂ. ಎಂಬ ದೋಷಪರಿಹಾರ ಕ್ರಮವು ಎರಡು ಕಡೆಯೂ ಇದೆಯೇ ಎಂದು ವಿಚಾರಿಸಬೇಕು. ಅದರಲ್ಲಿ ಕೆಟ್ಟ ಭಾಗವನ್ನು ಮತ್ತೆ ತರಿಸಿಕೊಳ್ಳುವುದು ಸಾಧ್ಯ.

ಗೃಹಸ್ಥರಿಗೆ ನಾವು ಹೇಳುವುದಿಷ್ಟೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಯಾವ ಔಷಧದಿಂದ ಎಂಬುದು ತಿಳಿಯದು; ಅದು ಮರುಕಳಿಸಿದಾಗ ಮೊದಲಿನಿಂದಲೇ ಹುಡುಕಬೇಕಾಗುವುದು. ಪರೀಕ್ಷೆ ಮುಗಿಯುವವರೆಗೆ, ಮುಖ್ಯವಾದ ಪತ್ರದ ಅಂಕಿಗಳನ್ನು ಕಳುಹಿಸಿದವರಿಂದ ಬಾಯಿಮಾತಿನಲ್ಲಿಯೂ ಕೇಳಿ ದೃಢಪಡಿಸಿಕೊಳ್ಳಿರಿ.