ಹಚ್ಚೆ ತೋರಿಸಿದವರಿಗೆ ಊಟ ಉಚಿತ

ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯ 24ನೇ ಬೀದಿಯಲ್ಲಿ ಕಾಸಾ ಸ್ಯಾಂಚೆಸ್ ಎಂಬ ಮೆಕ್ಸಿಕನ್ ಹೋಟೆಲಿತ್ತು. ಅಲ್ಲಿ ಕೆಲವರು ಗಲ್ಲಾದ ಮುಂದೆ ದುಡ್ಡು ತೆಗೆಯುತ್ತಿರಲಿಲ್ಲ, ಮೈಮೇಲಿನ ಹಚ್ಚೆ ತೋರಿಸುತ್ತಿದ್ದರು. ಅಗಲ ಅಂಚಿನ ಟೋಪಿ ತೊಟ್ಟ ಹುಡುಗನೊಬ್ಬ ಮೆಕ್ಕೆಜೋಳದ ತೆನೆಯನ್ನು ರಾಕೆಟ್ ಮಾಡಿಕೊಂಡು ಹಾರುವ ಚಿತ್ರ ಅದು. ಹೋಟೆಲಿನ ಲಾಂಛನವೂ ಅದೇ. ಅದನ್ನು ಹಚ್ಚೆ ಹಾಕಿಸಿಕೊಂಡು ಬಂದವರಿಗೆ ಜೀವಮಾನವಿಡೀ ಮಧ್ಯಾಹ್ನದ ಊಟ ಉಚಿತ ಎಂದು ಸ್ಯಾಂಚೆಸ್ ಕುಟುಂಬ 1990ರ ದಶಕದ ಕೊನೆಯಲ್ಲಿ ಸಾರಿತ್ತು. ಜನ ನಿಜಕ್ಕೂ ಹಾಕಿಸಿಕೊಂಡು ಬಂದರು. ಕೊನೆಗೆ ಲೆಕ್ಕ ಹಾಕಿ ನೋಡಿ, 50 ಜನರಿಗೆ ಸಾಕು ಎಂದು ಮಿತಿ ಹಾಕಬೇಕಾಯಿತು. ಆದರೆ ಮಾತು ಪಡೆದವರಿಗೆ ಊಟ ತಪ್ಪಲಿಲ್ಲ.

ದಿನಾ ಹೋಗಿ ಉಣ್ಣುವಷ್ಟು ಅಗ್ಗವಾದ, ನಾಳೆಯೂ ಬಾಗಿಲು ತೆರೆದಿರುತ್ತದೆ ಎಂಬ ಭರವಸೆ ಹುಟ್ಟಿಸುವ ಜಾಗಕ್ಕೆ ಮಾತ್ರ ಇಂಥ ಒಪ್ಪಂದ ಸಾಧ್ಯ. ದುಬಾರಿ ಹೋಟೆಲಿನ ಗುರುತನ್ನು ಯಾರೂ ಚರ್ಮದ ಮೇಲೆ ಕೊರೆಸಿಕೊಳ್ಳುವುದಿಲ್ಲ.

ಈ ಮನೆತನದ ಆಹಾರ ವ್ಯಾಪಾರ 1924ರಷ್ಟು ಹಳೆಯದು. ಅದರ ಬೇರು ಇರುವುದು ಟೋರ್ಟಿಯಾ ಎಂಬ ಮೆಕ್ಕೆಜೋಳದ ತೆಳು ರೊಟ್ಟಿಯಲ್ಲಿ. ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಸುತ್ತಾರೆ. ಬೆಳಗ್ಗೆ ಸಿಪ್ಪೆ ಸಡಿಲವಾಗಿರುತ್ತದೆ. ತೊಳೆದು ರುಬ್ಬಿದರೆ ಮಾಸಾ ಎಂಬ ಹಿಟ್ಟಿನ ಮುದ್ದೆ ಸಿದ್ಧ. ನಮ್ಮ ಜೋಳದ ಹಿಟ್ಟಿನಂತೆ ಇದರಲ್ಲೂ ಗೋಧಿಯ ಜಿಗುಟಿಲ್ಲ. ಬಿಸಿನೀರು ಹಾಕಿ ನಾದದಿದ್ದರೆ ರೊಟ್ಟಿ ಬಿರಿಯುವ ಹಾಗೆ, ಸುಣ್ಣ ಕಾಣದ ಮೆಕ್ಕೆಜೋಳದಿಂದ ಟೋರ್ಟಿಯಾ ಏಳುವುದಿಲ್ಲ. ಕಾಳಿನೊಳಗೆ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುವುದೂ ಈ ಸುಣ್ಣದಿಂದಲೇ. ಈ ವಿದ್ಯೆಯನ್ನು ಕಲಿಯದೆ ಬರೀ ಮೆಕ್ಕೆಜೋಳವನ್ನೇ ನೆಚ್ಚಿಕೊಂಡ ಯುರೋಪಿನ ಬಡವರು ಪೆಲಾಗ್ರ ರೋಗಕ್ಕೆ ತುತ್ತಾದರು. ಮೆಕ್ಸಿಕೊದ ಅಜ್ಜಿಯರಿಗೆ ಅದು ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು.

ಮಿಷನ್ ಮೊದಲು ಐರಿಷ್, ಜರ್ಮನ್ ಕಾರ್ಮಿಕರ ಕೇರಿ. 1930ರ ದಶಕದಲ್ಲಿ ಬೇ ಸೇತುವೆ ಕಟ್ಟುವಾಗ ನಗರದ ರಿಂಕನ್ ಹಿಲ್ ಬಡಾವಣೆಯಿಂದ ಎದ್ದುಹೋಗಬೇಕಾದ ಮೆಕ್ಸಿಕನ್ ಕುಟುಂಬಗಳು ಇತ್ತ ಬಂದವು. ಆಮೇಲೆ ಮಧ್ಯ ಅಮೆರಿಕದವರೂ ಸೇರಿಕೊಂಡರು. ಅನ್ನ, ಹುರುಳಿಕಾಯಿ ಬೀಜ, ಮಾಂಸ ಎಲ್ಲವನ್ನೂ ಒಂದೇ ದೊಡ್ಡ ಗೋಧಿ ಟೋರ್ಟಿಯಾದೊಳಗೆ ಸುತ್ತಿ ಕೊಡುವ ಮಿಷನ್ ಬುರಿಟೊ ಇಲ್ಲಿಯದೇ. ಎಲ್ ಫಾರೊ ಎಂಬ ಅಂಗಡಿ 1961ರಲ್ಲಿ ಮೊದಲು ಮಾರಿದ್ದು ತಾನೇ ಎನ್ನುತ್ತದೆ, ಲಾ ಕುಂಬ್ರೆ ಎಂಬ ಇನ್ನೊಂದು ಅಂಗಡಿ 1969ರ ತನ್ನ ಹಕ್ಕು ಬಿಡುವುದಿಲ್ಲ. ಕೂಲಿಯವರಿಗೆ ಅದೊಂದೇ ಹೊತ್ತಿನ ತುಂಬು ಊಟ. ಬೇ ಏರಿಯಾಕ್ಕೆ ಬಂದಿಳಿಯುವ ಸಸ್ಯಾಹಾರಿ ಕನ್ನಡಿಗರಿಗೂ ಬೀನ್ ಬುರಿಟೊ ಒದಗಿ ಬಂದಿದೆ. ಬೀಜವನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಅಷ್ಟೆ.

ತಂತ್ರಜ್ಞಾನದ ಹಣ ಹರಿದಂತೆ ಮಿಷನ್ನಿನ ಬಾಡಿಗೆ ಏರಿತು, ಹಳಬರು ಚದುರಿದರು. ಕಾಸಾ ಸ್ಯಾಂಚೆಸ್ 2012ರಲ್ಲಿ ಊಟದ ಮನೆಯನ್ನು ಮುಚ್ಚಿತು. ಪೊಟ್ಟಣದ ಚಿಪ್ಸ್, ಡಬ್ಬಿಯ ಸಾಲ್ಸಾ ಮಾತ್ರ ಅದೇ ಹೆಸರಿನಲ್ಲಿ ಅಂಗಡಿಗಳಲ್ಲಿ ಉಳಿದವು. ರುಚಿ ಚೆನ್ನಾಗಿಯೇ ಇದೆ. ಆದರೆ ಎದುರಿಗೆ ಕೂತು ಉಣ್ಣುವ ನೆರೆಯವನನ್ನು ಡಬ್ಬಿಯಲ್ಲಿ ತುಂಬಿ ಕಳಿಸಲಾಗುವುದಿಲ್ಲ.

ಇಂಥ ಅಂಗಡಿಗಳ ಅಳಿವನ್ನು ನಗರವೂ ತಡವಾಗಿ ಗಮನಿಸಿತು. 24ನೇ ಬೀದಿಯನ್ನು 2014ರಲ್ಲಿ ಲ್ಯಾಟಿನೊ ಸಾಂಸ್ಕೃತಿಕ ವಲಯವೆಂದು ಘೋಷಿಸಲಾಯಿತು. ಮೂವತ್ತು ವರ್ಷ ದಾಟಿದ ಅಂಗಡಿಗಳಿಗೂ ಅವುಗಳ ಕಟ್ಟಡದ ಮಾಲೀಕರಿಗೂ ನೆರವು ಕೊಡುವ ಯೋಜನೆಗೆ 2015ರಲ್ಲಿ ಮತದಾರರು ಒಪ್ಪಿಗೆ ಕೊಟ್ಟರು. ಕಾಸಾ ಸ್ಯಾಂಚೆಸ್ ಇದ್ದ ಜಾಗಕ್ಕೆ ಡಿಮೇಜ್ ಬಂತು. ಕಡಿಮೆ ಆದಾಯದ ಹೆಂಗಸರಿಗೆ ಅಡುಗೆ ವ್ಯಾಪಾರ ಕಟ್ಟಿಕೊಡುವ ಲಾ ಕೊಸಿನಾ ಸಂಸ್ಥೆಯ ನೆರವಿನಿಂದ ಬೆಳೆದ ಎಲ್ ಸಾಲ್ವಡಾರ್ ಶೈಲಿಯ ಹೋಟೆಲ್ ಅದು. ಅವರ ಪುಪೂಸಾ ಎಂಬ ಹೂರಣ ತುಂಬಿದ ದಪ್ಪ ರೊಟ್ಟಿಗೂ ಅದೇ ಮಾಸಾ.