ಕೆಜಿಎಫ್ ಗಣಿಯೊಳಗೆ ಲಿಫ್ಟ್‌ನಲ್ಲಿ ಇಳಿದು ನೋಡಬಹುದೇ?

ಕೆಜಿಎಫ್ ಚಿನ್ನದ ಗಣಿ ಪ್ರವಾಸಿಗರಿಗೆ ತೆರೆದಿದೆ, ಲಿಫ್ಟ್‌ನಲ್ಲಿ ಕೆಳಗಿಳಿದು ನೋಡಬಹುದು ಎಂಬ ಸಂದೇಶ ನಿಮಗೂ ಬಂದಿರಬಹುದು. ಜೊತೆಗೆ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಒಂದು ಕುಟುಂಬದ ಫೋಟೋ. ಒಂಟಿಕೊಪ್ಪಲಿನ ನಮ್ಮ ಬೀದಿಯ ಗುಂಪಿನಲ್ಲಿ ಇದನ್ನು ನೋಡಿದವರು "ರಜೆಗೆ ಮಕ್ಕಳನ್ನ ಕರ್ಕೊಂಡು ಹೋಗೋಣ್ವಾ?" ಎಂದು ಕೇಳಿದ್ದರು. ಹೋಗಬಹುದು. ಆದರೆ ಗಣಿಯೊಳಗೆ ಇಳಿಯಲು ಆಗುವುದಿಲ್ಲ.

ಭಾರತ್ ಗೋಲ್ಡ್ ಮೈನ್ಸ್ ಇಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು 2001ರಲ್ಲಿ. ಗಣಿ ನಡೆಯುವಾಗ ಪಂಪುಗಳು ಹಗಲು ರಾತ್ರಿ ನೀರು ಎತ್ತಿ ಹೊರಹಾಕುತ್ತಿದ್ದವು. ಅವು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಮೈಸೂರಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ನಮ್ಮ ಚಾಮುಂಡಿ ಬೆಟ್ಟದಂಥ ಹತ್ತು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತದೆ. ಇದನ್ನೆಲ್ಲ ನಡೆಸಲು ಬೇಕಾದ ಕರೆಂಟ್ 1902ರಲ್ಲಿ ಶಿವನಸಮುದ್ರದಿಂದ ಬಂತು. ಬೆಂಗಳೂರಿನ ಬೀದಿದೀಪಕ್ಕೂ, ಮೈಸೂರಿಗೂ ಮೊದಲೇ!

ಹಾಗಾದರೆ ಆ ಫೋಟೋ ಎಲ್ಲಿಯದು? ಹೊರದೇಶಗಳಲ್ಲಿ ಮುಚ್ಚಿದ ಗಣಿಗಳನ್ನು ನೋಡುವ ತಾಣವಾಗಿ ಮಾಡಿರುವುದು ನಿಜ. ಬ್ರಿಟನ್ನಿನ ವೇಲ್ಸ್‌ನಲ್ಲಿರುವ 'ಬಿಗ್ ಪಿಟ್' ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿ, 1983ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಹಳೆಯ ಗಣಿ ಕಾರ್ಮಿಕರೇ ಹೆಲ್ಮೆಟ್ಟು, ದೀಪ ಕೊಟ್ಟು ಜನರನ್ನು ಸುಮಾರು 90 ಮೀಟರ್ ಕೆಳಗೆ ಕರೆದೊಯ್ಯುತ್ತಾರೆ. 90 ಮೀಟರ್ ಎಲ್ಲಿ, 3,200 ಮೀಟರ್ ಎಲ್ಲಿ! ಅಲ್ಲಿಯೂ ಗಾಳಿ ಆಡಿಸುವ, ನೀರು ಹೊರಹಾಕುವ ಕೆಲಸ ನಿಲ್ಲುವಂತಿಲ್ಲ. ಇನ್ನೊಂದು ಸಂಗತಿ ಫೋನ್ ಪ್ರಿಯರಿಗೆ: ಕೆಳಗಿಳಿಯುವ ಮುಂಚೆ ಮೊಬೈಲು, ಬ್ಯಾಟರಿ ವಾಚು ಎಲ್ಲವನ್ನೂ ಮೇಲೆಯೇ ಬಿಟ್ಟು ಹೋಗಬೇಕು. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಅನಿಲ ಇರುತ್ತದೆ, ಸಣ್ಣ ಕಿಡಿ ಸಾಕು ಹೊತ್ತಿಕೊಳ್ಳಲು. ಹಾಗಾಗಿ ಆ ಗಣಿಯ ತಳದಲ್ಲಿ ತೆಗೆದ ಸೆಲ್ಫಿ ಎಂದು ಯಾರಾದರೂ ಕಳಿಸಿದರೆ ನಾವಂತೂ ನಂಬುವುದಿಲ್ಲ.

ಚಿನ್ನದ ಗಣಿಯ ಅಪಾಯ ಬೇರೆ ಬಗೆಯದು. ಗಾಳಿ ಆಡದ ಹಳೆಯ ಶಾಫ್ಟ್‌ನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಕೆಳಗೆ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವರಿಗೆ ಎಚ್ಚರಿಕೆ ಸಿಗುವ ಮೊದಲೇ ತಲೆ ತಿರುಗಿ ಬೀಳುತ್ತಾರೆ. 2020ರಲ್ಲಿ ಕೆಜಿಎಫ್‌ನಲ್ಲಿ ಕಳ್ಳತನಕ್ಕೆಂದು ಹಳೆಯ ಗಣಿಗೆ ಇಳಿದವರು ಉಸಿರುಗಟ್ಟಿ ಸತ್ತದ್ದು ಸುದ್ದಿಯಾಗಿತ್ತು. ಮುಚ್ಚಿದ ಬಾವಿಗೆ ಇಳಿದವನನ್ನು ಉಳಿಸಲು ಹೋದವನೂ ಸಾಯುವ ಸುದ್ದಿ ಓದಿದ್ದೀರಲ್ಲ, ಅದೇ ಕಾರಣ. "ಸೀಕ್ರೆಟ್ ದಾರಿ ಇದೆ, ಅಲ್ಲಿಂದ ಒಳಗೆ ಹೋಗಬಹುದು" ಎನ್ನುವ ಸಂದೇಶ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ಇನ್ನು 'ಸೈನೈಡ್ ಬೆಟ್ಟ'. ಅದನ್ನು ಮುಟ್ಟಿದರೆ ಸಾವು ಎಂಬ ಸಂದೇಶವೂ ಓಡಾಡುತ್ತದೆ. ಅದೂ ಸರಿಯಲ್ಲ. ಪುಡಿ ಮಾಡಿದ ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ದ್ರಾವಣ ಬಳಸುತ್ತಿದ್ದರು. ಉಳಿದ ಪುಡಿಯೇ ಈ ದಿಬ್ಬಗಳು. ಬಿಸಿಲು, ಗಾಳಿಗೆ ಬಿದ್ದ ಸೈನೈಡ್ ಕಾಲಕ್ರಮೇಣ ಬಹುಪಾಲು ಒಡೆದುಹೋಗುತ್ತದೆ. ನಿಜವಾಗಿ ಹೆದರಬೇಕಾದದ್ದು ಆ ನುಣುಪು ಧೂಳಿಗೆ. ಅದರಲ್ಲಿರುವ ಸಿಲಿಕಾ ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ಒಂದು ದಿನ ಹೋಗಿ ಬರುವವರಿಗಿಂತ ಅಲ್ಲೇ ಬದುಕುವವರ ಸಮಸ್ಯೆ ಇದು. ಸಿನಿಮಾ ಶೂಟಿಂಗ್ ಜಾಗ ಎಂದು ದಿಬ್ಬದ ಮೇಲೆ ರೀಲ್ಸ್ ಮಾಡುವವರು ಇದನ್ನೂ ಒಂದು ಸಾಲು ಬರೆದರೆ ಚೆನ್ನ.

ನೋಡಲು ಮೇಲೆಯೇ ಬೇಕಾದಷ್ಟಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿದೆ. ಶಾಫ್ಟ್‌ಗಳ ಮೇಲಿನ ಕಬ್ಬಿಣದ ಗೋಪುರಗಳು, ಬ್ರಿಟಿಷರ ಕಾಲದ ಬಂಗಲೆಗಳು, ಕಾರ್ಮಿಕರ ಸಾಲುಮನೆಗಳು ಕಾಣುತ್ತವೆ. ಗಣಿ ಆವರಣ ಮಾತ್ರ ಕಂಪನಿಯ ಜಾಗ, ಅನುಮತಿ ಇಲ್ಲದೆ ಒಳಹೋಗುವಂತಿಲ್ಲ. ಗಾಳಿ ಜೋರಿರುವ ದಿನ ಹೋದರೆ ಮಕ್ಕಳಿಗೆ ಮಾಸ್ಕ್ ಹಾಕಿಸಿ.