ಸುಂಕದ ಸಮರವೂ ಅಂಗೋಲದ ರೈಲುಹಾದಿಯೂ

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕುತ್ತು ಎಂಬುದು ನಮ್ಮ ಹಿರಿಯರ ಮಾತು. ಅಮೇರಿಕ, ಚೀಣಗಳ ಸುಂಕದ ಸಮರದಲ್ಲಿಯಾದರೋ ಕೋಣಗಳು ನಾ ಮುಂದು ತಾ ಮುಂದು ಎಂದು ಗಿಡಕ್ಕೆ ನೀರೆರೆಯಲು ಬಂದಿವೆ. ಫಲವು ಯಾರ ಪಾಲಿಗೆಂಬುದೇ ಈಗಿನ ಪ್ರಶ್ನೆ.

2018ರ ಜುಲೈಯಲ್ಲಿ ಅಮೇರಿಕವು 3,400 ಕೋಟಿ ಡಾಲರು ಬೆಲೆಯ ಚೀಣೀ ಸರಕಿನ ಮೇಲೆ ನೂರಕ್ಕೆ 25ರಂತೆ ಸುಂಕ ಹೇರಿತು. ಚೀಣವೂ ಸರಿಸಮನಾಗಿ ಪ್ರತ್ಯುತ್ತರವಿತ್ತಿತು. ಅದೇ ಅಕ್ಟೋಬರಿನಲ್ಲಿ ಅಮೇರಿಕವು ಹೊರನಾಡುಗಳ ಕಾಮಗಾರಿಗಳಿಗೆ 6,000 ಕೋಟಿ ಡಾಲರುಗಳ ವರೆಗೆ ಹೊಣೆ ಹೊರಬಲ್ಲ ಸರಕಾರಿ ಸಂಸ್ಥೆಯೊಂದಕ್ಕೆ ಶಾಸನ ಮಾಡಿತು. ಸುಂಕದ ಕಟ್ಟೆಯ ಹಗೆತನವೂ ಸಾಲ ಕೊಡುವ ಸ್ಪರ್ಧೆಯೂ ಜತೆಯಾಗಿಯೇ ಬೆಳೆದುವು.

ಇದರ ಪರಿಣಾಮವನ್ನು ಆಫ್ರಿಕದ ಅಂಗೋಲದಲ್ಲಿ ಕಾಣಬಹುದು. ಲೋಬಿಟೋ ಬಂದರಿನಿಂದ ಕಾಂಗೋ ಗಡಿಯ ವರೆಗೆ ಹೋಗುವ ಸುಮಾರು 1,300 ಕಿಲೋಮೀಟರುಗಳ ರೈಲುಹಾದಿಯನ್ನು ಪೋರ್ತುಗಲ್ ಸರಕಾರವು 1902ರಲ್ಲಿ ಬ್ರಿಟಿಷ್ ಉದ್ಯಮಿ ರಾಬರ್ಟ್ ವಿಲಿಯಮ್ಸನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟಿತ್ತು. 1975ರಲ್ಲಿ ಮೊದಲಾದ ಅಂತರ್ಯುದ್ಧದಲ್ಲಿ ಹಾಳಾದ ಆ ಹಾದಿಯನ್ನು ಚೀಣದ ಕಂಪೆನಿಯು 2014ರ ವೇಳೆಗೆ ಪುನಃ ಕಟ್ಟಿತು. 2022ರಲ್ಲಿ ಅದನ್ನು ನಡೆಯಿಸುವ ಗುತ್ತಿಗೆಯು ಚೀಣದವರಿಗೆ ತಪ್ಪಿ, ಐರೋಪ್ಯ ಕಂಪೆನಿಗಳ ಕೂಟಕ್ಕೆ 30 ವರ್ಷಗಳ ಮಟ್ಟಿಗೆ ಸಂದಿತು. ಈ ಕೂಟಕ್ಕೆ 55 ಕೋಟಿ 30 ಲಕ್ಷ ಡಾಲರು ಸಾಲ ಕೊಡಲು ಮುಂದೆ ಬಂದದ್ದು ಅಮೇರಿಕದ ಮೇಲ್ಕಂಡ ಸಂಸ್ಥೆಯೇ. 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ನರು ಸ್ವತಃ ಲೋಬಿಟೋಗೆ ಹೋಗಿಬಂದರು. ಅದೇ ವರ್ಷ ಚೀಣವು, 1970ರ ದಶಕದಲ್ಲಿ ತಾನೇ ಕಟ್ಟಿದ ಟಾಂಜಾನಿಯ-ಜಾಂಬಿಯ ರೈಲುಹಾದಿಯನ್ನು ಜೀರ್ಣೋದ್ಧಾರ ಮಾಡಲು ಆ ದೇಶಗಳೊಡನೆ ಒಡಂಬಡಿಕೆ ಮಾಡಿಕೊಂಡಿತು. ಒಂದು ಹಾದಿ ಪಡುವಣ ಕಡಲಿಗೆ, ಇನ್ನೊಂದು ಮೂಡಣ ಕಡಲಿಗೆ. ಎರಡರ ಕಣ್ಣೂ ಅಲ್ಲಿನ ತಾಮ್ರದ ಮೇಲೆಯೇ.

ಗಣಿಯಿಂದ ಬಂದರಿಗೆ ಹೋಗುವ ಹಳಿಯಿಂದ ಊರೂರಿಗೆ ಸಮೃದ್ಧಿ ಬರುವುದೆಂದು ನಂಬಲು ನಾವು ಸಿದ್ಧರಿಲ್ಲ. ನಮ್ಮ ನಾಡಿನ ಮೊದಲ ರೈಲು ಕಂಪೆನಿಗಳಿಗೆ ನೂರಕ್ಕೆ 5ರ ಆದಾಯವನ್ನು ಸರಕಾರವು ಖಾತರಿ ಮಾಡಿಕೊಟ್ಟಿತ್ತು. ಲಾಭವು ಲಂಡನ್ನಿಗೆ ಹೋಯಿತು. ಕೊರತೆಯನ್ನು ತುಂಬಿದವನು ಕಂದಾಯ ತೆತ್ತ ರೈತನು.

ಹಗೆತನದಿಂದ ಬಂದ ಹಣವು ರಾಜಿಯಾದೊಡನೆ ಹಿಂಜರಿಯಬಹುದು; ಪಡೆದ ಸಾಲ ಮಾತ್ರ ಹಿಂಜರಿಯದು. ಆದುದರಿಂದ ಇಬ್ಬರು ಸಾಹುಕಾರರು ಬಾಗಿಲಲ್ಲಿ ನಿಂತಿರುವಾಗಲೇ ಸಣ್ಣ ರಾಷ್ಟ್ರಗಳು ಕರಾರನ್ನು ಬಹಿರಂಗವಾಗಿ ಬರೆಯಿಸಿಕೊಳ್ಳಬೇಕು. ತಮ್ಮ ರೈತನ ಧಾನ್ಯಕ್ಕೂ ಆ ಬಂಡಿಗಳಲ್ಲಿ ಸ್ಥಳ ಕೇಳಬೇಕು. ಅದಿರನ್ನು ತಮ್ಮಲ್ಲಿಯೇ ಕರಗಿಸುವ ಕಾರ್ಖಾನೆಯನ್ನೂ ಕೇಳಬೇಕು. ಒಬ್ಬನೇ ಉಳಿದ ದಿನ ಕೇಳುವ ಬಾಯಿಗೆ ಬೆಲೆಯಿರದು.